ಮಳೆ ರಜೆಯ ಲೆಕ್ಕ, ಕೊರೋನಾ ರಜೆಯ ಬಾಕಿ

2025ರ ಶ್ರಾವಣದ ಒಂದು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿದ ಮಕ್ಕಳು ಕುಪ್ಪಳ್ಳಿಯ ಬಸ್ ತಂಗುದಾಣದಲ್ಲಿ ಕೊಡೆ ಮಡಚಿ ನಿಂತಿದ್ದರು. ನಾನೂ ತೀರ್ಥಹಳ್ಳಿಯ ಬಸ್ಸಿಗೆ ಕಾಯುತ್ತ ಅಲ್ಲೇ ಕುಳಿತಿದ್ದೆ. ಬಸ್ಸು ಎಂದಿನಂತೆ ತಡ. ಪಕ್ಕದಲ್ಲಿದ್ದ ಹುಡುಗನೊಬ್ಬ ನಮಸ್ಕಾರ ಹೇಳಿದ. ಯಾವ ತರಗತಿ ಎಂದೆ. ಎಂಟು ಎಂದ. ಮೇಷ್ಟರ ಚಾಳಿ ನಿವೃತ್ತಿಯಾದರೂ ಹೋಗುವುದಿಲ್ಲವಲ್ಲ, ಎದುರಿಗಿದ್ದ ಫಲಕವನ್ನು ತೋರಿಸಿ ಓದು ಎಂದೆ. ಹುಡುಗ ಒಂದು ಕ್ಷಣ ನೋಡಿದ. "ಕು... ಪ... ಳಿ" ಎಂದ. ಆಮೇಲೆ ನಕ್ಕು, "ಕುಪ್ಪಳ್ಳಿ ಸರ್" ಎಂದ.

ಎರಡನೆಯ ಸಲ ಅವನು ಓದಿದ್ದು ಫಲಕವನ್ನಲ್ಲ. ತಾನು ನಿಂತಿರುವ ಊರು ಯಾವುದೆಂದು ಅವನಿಗೆ ಗೊತ್ತಿತ್ತು, ಅಷ್ಟೆ. ಗೋಡೆಗೆ ಅಂಟಿಸಿದ್ದ ಆರೋಗ್ಯ ಇಲಾಖೆಯ ಚೀಟಿಯನ್ನು ತೋರಿಸಿದೆ. 'ಸ್ವಚ್ಛತೆ' ಎಂಬ ಮೊದಲ ಪದಕ್ಕೇ ನಿಂತುಬಿಟ್ಟ. ಒತ್ತಕ್ಷರವಿಲ್ಲದ ಪದಗಳನ್ನು ಅವನು ನಿಧಾನವಾಗಿ ಸರಿಯಾಗಿಯೇ ಓದುತ್ತಾನೆ. ಒತ್ತು ಬಂದಲ್ಲಿ ಅದನ್ನು ನುಂಗಿ ಮುಂದೆ ಹೋಗುತ್ತಾನೆ, ಅಥವಾ ಅಂದಾಜಿನಲ್ಲಿ ಏನೋ ಒಂದು ಹೇಳುತ್ತಾನೆ. ಬಸ್ಸು ಬಂತು. ಅದರ ಹಣೆಯ ಮೇಲಿದ್ದ 'ತೀರ್ಥಹಳ್ಳಿ'ಯನ್ನು ಓದದೆಯೇ, ಬಣ್ಣ ನೋಡಿ, ಹತ್ತಿ ಹೋದ.

ಕನ್ನಡದಲ್ಲಿ ಒತ್ತಕ್ಷರವಿಲ್ಲದೆ ಎಷ್ಟು ದೂರ ಹೋಗಬಹುದು? ಅಮ್ಮ, ಅಪ್ಪ, ಅಣ್ಣ, ಅಕ್ಕ ಎಲ್ಲವೂ ಒತ್ತಿನವೇ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು ನಾನು. ಹಳಗನ್ನಡ ಬಿಡಿಸಲಾಗದ ಮಕ್ಕಳನ್ನು ಕಂಡಿದ್ದೇನೆ, ಸಂಧಿ ಸಮಾಸಗಳಲ್ಲಿ ಎಡವಿದವರನ್ನು ಕಂಡಿದ್ದೇನೆ. ದಡ್ಡರೆಂದು ಊರೇ ಹೇಳುತ್ತಿದ್ದವರೂ ಎಂಟನೇ ತರಗತಿಗೆ ಬರುವಾಗ ತಮ್ಮ ಊರಿನ ಹೆಸರನ್ನು ಓದುತ್ತಿದ್ದರು. ಈ ಹುಡುಗ ದಡ್ಡನಲ್ಲ. ಅವನು ಯಾರೆಂದು ನನಗೆ ಬಸ್ಸು ಹೊರಟ ಮೇಲೆ ನೆನಪಾಯಿತು. ನೆನಪಾದಾಗ ಆದ ಸಂಕಟವೇ ಈ ಬರಹಕ್ಕೆ ಕಾರಣ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ ಹಾಕಿದೆ. 2025ರಲ್ಲಿ ಎಂಟನೇ ತರಗತಿಯಲ್ಲಿರುವ ಮಗು 2020ರ ಮಾರ್ಚಿನಲ್ಲಿ ಎರಡನೇ ತರಗತಿಯಲ್ಲಿತ್ತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಗ ಒಂದರಿಂದ ಮೂರನೇ ತರಗತಿಯವರೆಗೆ 'ನಲಿ-ಕಲಿ' ಇತ್ತು. ಮಕ್ಕಳು ಮೂಲಾಕ್ಷರದಿಂದ ಕಾಗುಣಿತಕ್ಕೆ, ಕಾಗುಣಿತದಿಂದ ಒತ್ತಕ್ಷರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಾಲ ಅದು. 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಶಾಲೆಯು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳಿಗೂ ಮೇಲೆ. ಈ ಹುಡುಗ ಎರಡನೇ ತರಗತಿಯ ಮೆಟ್ಟಿಲಿನಿಂದ ಇಳಿದವನು ನಾಲ್ಕನೆಯದರ ನಡುವೆ ಬಂದು ನಿಂತ. ಆ ನಡುವಿನ ಮೆಟ್ಟಿಲುಗಳನ್ನು ಅವನು ಹತ್ತಲೇ ಇಲ್ಲ.

ಶಾಲೆ ಮುಚ್ಚುವುದು ನಮಗೆ ಹೊಸದೇನಲ್ಲ. ಬಯಲುಸೀಮೆಯ ನಂಟರಿಗೆ ವಿಚಿತ್ರವೆನಿಸಬಹುದು, ಮಲೆನಾಡಿನ ಶಾಲೆಗಳಿಗೆ ಮಳೆ ರಜೆ ಎಂಬುದೊಂದಿದೆ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡಿತೆಂದರೆ ಹಳ್ಳ ಏರುತ್ತದೆ, ಕಾಲುಸಂಕ ಮುಳುಗುತ್ತದೆ, ಮರ ಬಿದ್ದು ರಸ್ತೆ ಕಟ್ಟುತ್ತದೆ. ಮಕ್ಕಳನ್ನು ಮನೆಯಿಂದ ಹೊರಡಿಸುವುದೇ ಅಪಾಯ. ಆಗ ರಜೆ. ಆದರೆ ಆ ರಜೆಗೆ ಎರಡು ಗುಣಗಳಿವೆ. ಒಂದು, ಅದು ಮಳೆ ಬಿದ್ದ ಕಡೆಗೆ ಮಾತ್ರ. ತೀರ್ಥಹಳ್ಳಿ, ಹೊಸನಗರ, ಸಾಗರಗಳಿಗೆ ರಜೆಯಿದ್ದ ದಿನ ಶಿಕಾರಿಪುರದಲ್ಲಿ ಗಂಟೆ ಹೊಡೆದಿರುತ್ತದೆ. ಅದರಿಂದ ಯಾರಿಗೂ ಅನ್ಯಾಯವಾಯಿತೆಂದು ಅನಿಸುವುದಿಲ್ಲ. ಎರಡು, ಅದು ಸಾಲ. ತೆಗೆದುಕೊಂಡ ದಿನವನ್ನು ಶನಿವಾರದ ಮಧ್ಯಾಹ್ನಗಳಲ್ಲಿ, ಭಾನುವಾರಗಳಲ್ಲಿ ತೀರಿಸಬೇಕು. ಮಳೆ ಬಿಟ್ಟ ಮೇಲಿನ ಎಷ್ಟು ಭಾನುವಾರಗಳಲ್ಲಿ, ಮನೆಯವರ ಗೊಣಗಾಟದ ನಡುವೆ, ನಾನು ನಿಮಗೆ ವ್ಯಾಕರಣ ಹೇಳಿಕೊಟ್ಟಿಲ್ಲ? ನಿಮ್ಮಲ್ಲಿ ಕೆಲವರಿಗೆ ಆ ಭಾನುವಾರಗಳ ಮೇಲಿನ ಸಿಟ್ಟು ಇನ್ನೂ ಆರಿರಲಾರದು.

ರೋಗದ ನಿರ್ಬಂಧಗಳೂ ನಮಗೆ ಹೊಸದಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಆ ಊರಿನ ಹೆಸರನ್ನು ಜಗತ್ತಿನ ವೈದ್ಯಕೀಯ ಗ್ರಂಥಗಳಿಗೆ ಸೇರಿಸಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಎಷ್ಟು ಮನೆಗಳ ದೀಪ ಆರಿಸಿತೆಂದು ನಿಮಗೆ ಗೊತ್ತಿದೆ. ಮಂಗ ಸತ್ತ ಸುದ್ದಿ ಬಂದರೆ ಆ ಜಾಗದ ಸುತ್ತ ಪುಡಿ ಎರಚುತ್ತಾರೆ, ದರಗು ತರಲು ಆ ಕಾಡಿಗೆ ಹೋಗಬೇಡಿ ಎನ್ನುತ್ತಾರೆ, ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ ಎನ್ನುತ್ತಾರೆ. ಅದು ಕೂಡ ಇಂಥ ಕಾಡು, ಇಂಥ ಊರು ಎಂದು ಗುರುತಿಟ್ಟು ಹೇಳುವ ನಿರ್ಬಂಧ. ಒಂದು ಕಾಡಿನಲ್ಲಿ ಮಂಗ ಸತ್ತಿತೆಂದು ರಾಜ್ಯದ ಕಾಡುಗಳಿಗೆಲ್ಲ ಬೇಲಿ ಹಾಕಿದವರಿಲ್ಲ. ಎರಡು ರೋಗಗಳ ಸ್ವಭಾವ ಬೇರೆ ಎಂಬುದನ್ನು ಬಲ್ಲೆ. ಉಣುಗು ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವುದಿಲ್ಲ. ಕೊರೋನಾ ವಿಮಾನದಲ್ಲೇ ಬಂತು. ಆದರೂ ಊರು ನೋಡಿ ನಿರ್ಧರಿಸುವ ಬುದ್ಧಿ ನಮ್ಮಲ್ಲಿ ಮೊದಲೇ ಇತ್ತು ಎಂಬುದಕ್ಕಾಗಿ ಇದನ್ನು ಹೇಳಿದೆ.

2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ಈ ರೋಗದಿಂದ ದೇಶದಲ್ಲಿ ಆದ ಮೊದಲ ಸಾವು. ಪ್ಲೇಗಿನ ಕಾಲದ 1897ರ ಸಾಂಕ್ರಾಮಿಕ ರೋಗ ಕಾಯಿದೆಯನ್ನು ಪೆಟ್ಟಿಗೆಯಿಂದ ತೆಗೆದು ನಿಯಮ ಮಾಡಿದರು. ಶಾಲೆ, ಚಿತ್ರಮಂದಿರ, ಜಾತ್ರೆ ಎಲ್ಲವೂ ಒಂದು ವಾರಕ್ಕೆಂದು ಬಂದ್ ಆದವು. ಆ ಒಂದು ವಾರ ಎಂಬ ಮಾತನ್ನು ನಾವೆಲ್ಲ ನಂಬಿದ್ದೆವು. ಮಾರ್ಚ್ 27ರಿಂದ ನಡೆಯಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತು. ಮಾರ್ಚ್ 25ರಿಂದ ದೇಶವೇ ಮುಚ್ಚಿತು.

ದಿನನಿತ್ಯದ ಬದುಕಿನ ವಿಚಾರವಾಗಿ ಹೇಳುವುದಾದರೆ, ಮೊದಲ ತಿಂಗಳು ಮಲೆನಾಡಿನ ನಮಗೆ ಅಷ್ಟೇನೂ ಕಷ್ಟವಾಗಲಿಲ್ಲ. ಸಾಮಾಜಿಕ ಅಂತರ ನಮ್ಮ ಹಿರಿಯರು ಮನೆ ಕಟ್ಟುವಾಗಲೇ ಪಾಲಿಸಿದ್ದು. ಒಂದು ಮನೆಯಿಂದ ಇನ್ನೊಂದಕ್ಕೆ ಎರಡು ಫರ್ಲಾಂಗು, ನಡುವೆ ಒಂದು ತೋಟ, ಒಂದು ಹಳ್ಳ. ಕವಿಮನೆಗೆ ಬೀಗ ಬಿತ್ತು, ಕವಿಶೈಲಕ್ಕೆ ಬರುವ ಕಾರುಗಳು ನಿಂತವು. ರಸ್ತೆಯ ಮೇಲೆ ಕಾಜಾಣ ಕುಳಿತು ಹಾಡುವುದನ್ನು ಚಿಕ್ಕಂದಿನ ನಂತರ ಅದೇ ಮೊದಲು ಕಂಡೆ. ಇದನ್ನು ಬೆಂಗಳೂರಿನಿಂದ ಬಂದ ನೆಂಟರು ಸ್ವರ್ಗ ಎಂದು ವರ್ಣಿಸಿದರು. ಅವರಿಗೆ ತಿಂಗಳ ಸಂಬಳ ಬರುತ್ತಿತ್ತು, ನನಗೂ ಬರುತ್ತಿತ್ತು. ತೋಟದ ಕೂಲಿಗೆ ಬರುತ್ತಿದ್ದವರಿಗೆ, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವರಿಗೆ ಬರುತ್ತಿರಲಿಲ್ಲ. ಅಡಿಕೆ ಮಂಡಿ ಮುಚ್ಚಿದ್ದರಿಂದ ಒಣಗಿಸಿಟ್ಟ ಅಡಿಕೆ ಇದ್ದವರೂ ದಿನಸಿಗೆ ಸಾಲ ಬರೆಸಿದರು. ಮೇ 4ರಂದು ಮದ್ಯದಂಗಡಿಗಳು ತೆರೆದವು. ಆ ಸಾಲುಗಳನ್ನು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ನಾನು ಹೆಚ್ಚು ಹೇಳುವುದಿಲ್ಲ.

ನನ್ನ ನಿವೃತ್ತಿಯ ದಿನ 2020ರ ಜೂನ್ 30. ಮುಂದೂಡಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಆರಂಭವಾಗಿತ್ತು. ತೆಲಂಗಾಣ, ತಮಿಳುನಾಡುಗಳು ಪರೀಕ್ಷೆಯನ್ನೇ ಕೈಬಿಟ್ಟಾಗ ಕರ್ನಾಟಕ ಹಟ ಹಿಡಿದು ನಡೆಸಿತು. ಸುಮಾರು ಎಂಟೂವರೆ ಲಕ್ಷ ಮಕ್ಕಳು. ಬಾಗಿಲಲ್ಲಿ ಜ್ವರ ನೋಡುವ ಯಂತ್ರ, ಮುಖಕ್ಕೆ ಮಾಸ್ಕ್, ಒಂದು ಕೊಠಡಿಗೆ ಇಪ್ಪತ್ತು ಮೀರದಂತೆ ಮಕ್ಕಳು. ಗಣಿತವಾಯಿತು, ವಿಜ್ಞಾನವಾಯಿತು. ಪ್ರಥಮ ಭಾಷೆ ಕನ್ನಡ ಇದ್ದದ್ದು ಜುಲೈ 2ರಂದು. ಅಂದರೆ ನನ್ನ ಕೊನೆಯ ತಂಡ ನನ್ನ ವಿಷಯದ ಪರೀಕ್ಷೆ ಬರೆಯುವ ಹೊತ್ತಿಗೆ ನಾನು ಮೇಷ್ಟರಾಗಿರಲಿಲ್ಲ. ಬೀಳ್ಕೊಡುಗೆ ಸಮಾರಂಭ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಮುಖ್ಯೋಪಾಧ್ಯಾಯರು ದೂರದಿಂದಲೇ ಕೈಮುಗಿದರು. ಗ್ರಂಥಾಲಯದ ಬೀರುವಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ, ಅದಕ್ಕೆ ಯಾರೋ ಸ್ಯಾನಿಟೈಸರ್ ಸಿಂಪಡಿಸಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜುಲೈ 2ರ ಬೆಳಿಗ್ಗೆ ಮನೆಯ ಜಗಲಿಯಲ್ಲಿ ಕುಳಿತು ಹತ್ತೂವರೆಗೆ ಗಡಿಯಾರ ನೋಡಿದ್ದು ಮಾತ್ರ ನೆನಪಿದೆ.

ಆ ಪರೀಕ್ಷೆಯನ್ನು ನಾನು ಇಷ್ಟು ವಿಸ್ತರಿಸಿ ಹೇಳಲು ಕಾರಣವುಂಟು. ಎಂಟೂವರೆ ಲಕ್ಷ ಮಕ್ಕಳನ್ನು, ಔಷಧವಾಗಲಿ ಲಸಿಕೆಯಾಗಲಿ ಇಲ್ಲದ ಆ ಜೂನ್ ತಿಂಗಳಿನಲ್ಲಿ, ಶಾಲಾ ಕೊಠಡಿಗೆ ಕರೆತಂದು ಕೂರಿಸಿ ಮನೆಗೆ ಕಳುಹಿಸುವುದು ನಮ್ಮ ವ್ಯವಸ್ಥೆಗೆ ಸಾಧ್ಯವಾಯಿತು. ಮಾಡಲೇಬೇಕೆಂದು ಹೊರಟರೆ ಮಾಡಬಲ್ಲೆವು ಎಂದಾಯಿತು. ಹಾಗಾದರೆ ನಮ್ಮ ಒಂದು ಗುಡ್ಡದ ಮೇಲಿನ ಶಾಲೆಯ ಎಂಟು ಮಕ್ಕಳನ್ನು ನಾಲ್ಕು ಮೂಲೆಗೆ ಇಬ್ಬಿಬ್ಬರಂತೆ ಕೂರಿಸಿ ಕಾಗುಣಿತ ಹೇಳಿಕೊಡುವುದು ಹತ್ತೊಂಬತ್ತು ತಿಂಗಳು ಏಕೆ ಸಾಧ್ಯವಾಗಲಿಲ್ಲ? ಪರೀಕ್ಷೆ ನಡೆಯಲೇಬೇಕು, ಪಾಠ ಕಾಯಬಹುದು ಎಂದು ನಾವೆಲ್ಲರೂ ಒಪ್ಪಿಕೊಂಡಿದ್ದೆವು. ದೊಡ್ಡ ಮಕ್ಕಳಿಗೆ ಸರ್ಟಿಫಿಕೇಟು ಇದೆ, ಚಿಕ್ಕವರಿಗೆ ಏನು ಅವಸರ ಎಂಬ ಭಾವನೆ. 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆಯಾಯಿತು. ಮತಗಟ್ಟೆ ಎಲ್ಲಿ? ಶಾಲೆಯಲ್ಲಿ. ಅದೇ ಕೊಠಡಿ, ಅದೇ ಕಿಟಕಿ. ಅಜ್ಜ ಅಜ್ಜಿಯರು ಸಾಲುಗಟ್ಟಿ ನಿಂತು ಮತ ಹಾಕಿ ಬಂದರು. ಯಾರಿಗೆ ಅಪಾಯ ಹೆಚ್ಚೋ ಅವರು ಶಾಲೆಗೆ ಹೋಗಬಹುದಿತ್ತು, ಕಡಿಮೆಯೋ ಅವರು ಹೋಗುವಂತಿರಲಿಲ್ಲ.

ಶಾಲೆಯ ಬದಲಿಗೆ ಫೋನು ಬಂತು. ಖಾಸಗಿ ಶಾಲೆಗಳು ಫೋನಿನಲ್ಲೇ ಹಾಜರಿ ಕರೆದವು. ಸರ್ಕಾರ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಪ್ರಸಾರ ಮಾಡಿತು. ಪಾಠಗಳು ಕೆಟ್ಟದ್ದಾಗಿರಲಿಲ್ಲ. ಆದರೆ ಮಲೆನಾಡಿನಲ್ಲಿ ಜೂನ್ ಬಂತೆಂದರೆ ಕರೆಂಟು ಅತಿಥಿ. ಸಿಗ್ನಲ್ ಗುಡ್ಡದ ಮೇಲಿನ ವಸ್ತು. ಮಕ್ಕಳು ಕಂಬಳಿ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಫೋನು ಇಟ್ಟುಕೊಂಡು ಪಾಠ ಕೇಳಿದರು. 2021ರ ಜೂನ್ ತಿಂಗಳಲ್ಲಿ ಸುಳ್ಯದ ಗುತ್ತಿಗಾರು ಕಡೆ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಸುತ್ತಾಡಿತು. ಜನ ಆ ತಂದೆಯನ್ನು ಹೊಗಳಿದರು. ನನಗೆ ಮಾತ್ರ ಹೊಗಳಿಕೆಯಲ್ಲಿ ಏನೋ ತಪ್ಪಿದೆ ಎನಿಸಿತು. ಮಳೆಯಲ್ಲಿ ನಿಂತು ಪಾಠ ಕೇಳಬಲ್ಲ ಮಗು ನಾಲ್ಕು ಗೋಡೆಯ ನಡುವೆ ಕುಳಿತು ಕೇಳುವಂತಿರಲಿಲ್ಲವೇ? ನಮ್ಮ ಕಡೆ 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂಬ ಕೂಗು ಎದ್ದದ್ದು ಆ ಪಂಚಾಯಿತಿ ಚುನಾವಣೆಯ ಹೊತ್ತಿನಲ್ಲೇ. ಶಾಲೆ ತೆರೆಯದಿದ್ದರೆ ಮತವಿಲ್ಲ ಎಂದು ಯಾರೂ ಕೂಗಲಿಲ್ಲ. ನಾನೂ ಕೂಗಲಿಲ್ಲ.

ಈಗ ಆ ಹುಡುಗನ ವಿಷಯ.

2020ರ ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಎಂಬ ಕಾರ್ಯಕ್ರಮ ತಂದಿತು. ಮಕ್ಕಳು ಶಾಲೆಗೆ ಬರುವಂತಿಲ್ಲವಾದರೆ ಮೇಷ್ಟರೇ ಮಕ್ಕಳಿದ್ದಲ್ಲಿಗೆ ಹೋಗಿ, ದೇವಸ್ಥಾನದ ಅಂಗಳದಲ್ಲೋ ಮರದ ಕೆಳಗೋ ಜಗಲಿಯಲ್ಲೋ ಚಿಕ್ಕ ಚಿಕ್ಕ ಗುಂಪು ಕೂರಿಸಿ ಪಾಠ ಹೇಳುವುದು. ಆ ಕಾಲದಲ್ಲಿ ಬಂದ ಆಲೋಚನೆಗಳಲ್ಲೆಲ್ಲ ನನಗೆ ತೀರ ಹಿಡಿಸಿದ್ದು ಇದು. ಮಲೆನಾಡಿಗೆ ಇದು ಹೊಸದಾಗಿರಲಿಲ್ಲ ಕೂಡ. ಶಾಲೆಗಳು ದೂರವಿದ್ದ ಕಾಲದಲ್ಲಿ ಮನೆಗಳೇ ಮೇಷ್ಟರನ್ನು ಕರೆಸಿಕೊಳ್ಳುತ್ತಿದ್ದವು. ಕುವೆಂಪು ಅವರ ಮೊದಲ ವಿದ್ಯಾಭ್ಯಾಸ ಇದೇ ಕುಪ್ಪಳ್ಳಿ ಮನೆಯಲ್ಲಿ, ದಕ್ಷಿಣ ಕನ್ನಡದ ಕಡೆಯಿಂದ ಬಂದ ಮನೆಮೇಷ್ಟರಿಂದ ಆಯಿತು. ತೀರ್ಥಹಳ್ಳಿಯ ಶಾಲೆಗೆ ಸೇರಿದ್ದು ಆಮೇಲೆ. ಸ್ಲೇಟು ಹಿಡಿದ ನಾಲ್ಕಾರು ಮಕ್ಕಳು, ಎದುರಿಗೆ ಒಬ್ಬ ಮೇಷ್ಟರು. ಶಾಲೆಗೆ ಅಷ್ಟು ಸಾಕು.

ಸುತ್ತಲಿನ ಶಾಲೆಯ ಶಿಕ್ಷಕಿಯೊಬ್ಬರು, ನನ್ನ ಹಳೆಯ ವಿದ್ಯಾರ್ಥಿನಿ, ನಮ್ಮ ಜಗಲಿಯನ್ನು ಕೇಳಿದರು. ಸಂತೋಷದಿಂದ ಒಪ್ಪಿದೆ. ಒಂಬತ್ತು ಮಕ್ಕಳು. ಆಕೆ ಬಾರದ ದಿನ ನಾನೇ ಕೂರಿಸಿಕೊಳ್ಳುತ್ತಿದ್ದೆ. ನಿವೃತ್ತಿಯಾಗಿ ಎರಡೇ ತಿಂಗಳಾಗಿದ್ದ ನನಗೆ ಆ ಒಂಬತ್ತು ಮಕ್ಕಳು ದೊಡ್ಡ ಸಮಾಧಾನ. ಅವರಲ್ಲಿ ಮೂರನೇ ತರಗತಿಯ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಬಂದು ಜಗಲಿ ಗುಡಿಸಿ ಕುಳಿತಿರುತ್ತಿದ್ದ. ತಂದೆ ತೋಟದ ಕೆಲಸ, ತಾಯಿಯೂ ಅಷ್ಟೆ. ಮನೆಯಲ್ಲಿ ಒಂದೇ ಫೋನು, ಅದೂ ಗುಂಡಿಯದು. ಅವನಿಗೆ 'ಕ್ಕ', 'ಚ್ಚ' ಎಂದು ಒತ್ತು ಹೇಳಿಕೊಡಲು ಆರಂಭಿಸಿದ್ದೆ. 'ಪ್ಪ'ದವರೆಗೆ ಬಂದಿದ್ದೆವು.

ಸೆಪ್ಟೆಂಬರಿನಲ್ಲಿ ರೋಗ ಏರಿತು. ಬೆಂಗಳೂರಿನ ಮಗ ದಿನಕ್ಕೆರಡು ಬಾರಿ ಫೋನು ಮಾಡಿ, "ಅಪ್ಪ, ನಿಮಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಉಬ್ಬಸ, ಊರವರ ಮಕ್ಕಳನ್ನೆಲ್ಲ ಜಗಲಿಗೆ ಸೇರಿಸಬೇಡಿ" ಎಂದ. ಅವನದು ತಪ್ಪಲ್ಲ. ಪತ್ರಿಕೆಯಲ್ಲಿ ಶಿಕ್ಷಕರ ಸಾವಿನ ಸುದ್ದಿಗಳು ಬರತೊಡಗಿದವು. ಸರ್ಕಾರ ಅಕ್ಟೋಬರಿನಲ್ಲಿ ವಿದ್ಯಾಗಮವನ್ನು ನಿಲ್ಲಿಸಿತು. ಆದರೆ ನಾನು ಅದಕ್ಕೂ ಹದಿನೈದು ದಿನ ಮೊದಲೇ ನಿಲ್ಲಿಸಿದ್ದೆ. ಯಾರ ಆದೇಶವೂ ಇರಲಿಲ್ಲ. ಭಯವಾಯಿತು, ನಿಲ್ಲಿಸಿದೆ. ಶಿಕ್ಷಕಿಗೆ ಫೋನಿನಲ್ಲಿ ತಿಳಿಸಿದೆ. ಆ ಹುಡುಗನಿಗೆ ಯಾರೂ ತಿಳಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಬಂದು ಜಗಲಿ ಗುಡಿಸಿ ಕುಳಿತ. ನಾನು ಕಿಟಕಿಯ ಸರಳಿನ ಹಿಂದೆ ನಿಂತು, "ಇನ್ನು ಬರಬೇಡ ಮಗು, ಶಾಲೆ ತೆರೆದ ಮೇಲೆ ಕಲಿಯುವೆಯಂತೆ" ಎಂದೆ. ಅವನು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೋದ. ಮಂಗಳವಾರವೂ ಬಂದ, ಅಂಗಳದಾಚೆ ನಿಂತು ನೋಡಿ ಹೋದ.

ಬಸ್ ತಂಗುದಾಣದ ಹುಡುಗ ಅವನೇ.

ಇದನ್ನು ಪಶ್ಚಾತ್ತಾಪದ ಪ್ರದರ್ಶನಕ್ಕೆಂದು ಬರೆಯುತ್ತಿಲ್ಲ. ಸರ್ಕಾರವನ್ನು ದೂರುವವನು ತನ್ನ ಬಾಗಿಲನ್ನು ತಾನೇ ಹಾಕಿಕೊಂಡಿದ್ದನ್ನು ಮುಚ್ಚಿಟ್ಟು ದೂರಬಾರದಲ್ಲ, ಅದಕ್ಕೆ. ಭಯ ಸುಳ್ಳಾಗಿರಲಿಲ್ಲ. 2021ರ ಮೇ ತಿಂಗಳಿನಲ್ಲಿ ನನ್ನೊಡನೆ ಇಪ್ಪತ್ತು ವರ್ಷ ಕೆಲಸ ಮಾಡಿದ ಗಣಿತದ ಮೇಷ್ಟರೊಬ್ಬರು ಆಮ್ಲಜನಕದ ಹಾಸಿಗೆ ಸಿಗುವುದರೊಳಗೆ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಐದೇ ಜನಕ್ಕೆ ಅವಕಾಶವಿದ್ದ ದಿನಗಳು ಅವು. ನಿಮ್ಮಲ್ಲಿ ಹಲವರು ಅವರ ಕೈಯಲ್ಲಿ ಪ್ರಮೇಯ ಕಲಿತವರು, ಒಬ್ಬರೂ ಹೋಗಲಾಗಲಿಲ್ಲ. ಆ ಏಪ್ರಿಲ್‌ನಿಂದ ಜೂನ್‌ವರೆಗಿನ ಎರಡನೇ ಅಲೆಯಲ್ಲಿ ಶಾಲೆ ಮುಚ್ಚಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆಗ ತೆರೆದಿಟ್ಟಿದ್ದರೆ ಅಪರಾಧವಾಗುತ್ತಿತ್ತು. 2020ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಮುಚ್ಚಿದ್ದಕ್ಕೂ ಆಕ್ಷೇಪವಿಲ್ಲ. ರೋಗ ಏನೆಂದೇ ಯಾರಿಗೂ ತಿಳಿದಿರಲಿಲ್ಲ. ನನ್ನ ತಕರಾರು ಇವೆರಡರ ನಡುವಿನ ಮತ್ತು ನಂತರದ ತಿಂಗಳುಗಳ ಬಗ್ಗೆ. 2021ರ ಜನವರಿ 1ಕ್ಕೆ ಹತ್ತನೇ ತರಗತಿ ತೆರೆಯಿತು. ಫೆಬ್ರವರಿಯಲ್ಲಿ ಒಂಬತ್ತನೆಯದು, ಆಮೇಲೆ ಆರರಿಂದ ಎಂಟು. ಒಂದರಿಂದ ಐದು ಮಾತ್ರ ತೆರೆಯಲೇ ಇಲ್ಲ. ಎರಡು ಸಾವಿರ ಮಕ್ಕಳ ಬೆಂಗಳೂರಿನ ಶಾಲೆಗೆ ಯಾವ ಆದೇಶವೋ ಎಂಟು ಮಕ್ಕಳ ನಮ್ಮ ಶಾಲೆಗೂ ಅದೇ. ತಾಲ್ಲೂಕಿನ ಅಧಿಕಾರಿ, ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿ, ಆಶಾ ಕಾರ್ಯಕರ್ತೆ, ಇವರೆಲ್ಲ ಕುಳಿತು ಈ ವಾರ ನಮ್ಮೂರಲ್ಲಿ ರೋಗವಿಲ್ಲ, ಶಾಲೆ ನಡೆಸೋಣ ಎಂದು ನಿರ್ಧರಿಸುವ ಅಧಿಕಾರ ಅವರಿಗಿರಲಿಲ್ಲ. ಮಳೆ ರಜೆಗೆ ಇರುವ ವಿವೇಕ ಈ ರಜೆಗೆ ಇರಲಿಲ್ಲ.

ತೆರೆದ ಮೇಲೂ ಬರುವುದು ಹೇಗೆ? ಕೊಪ್ಪದ ಸಹಕಾರ ಸಾರಿಗೆ, ನೌಕರರೇ 1991ರಲ್ಲಿ ಕಟ್ಟಿ ನಡೆಸಿದ ಆ ಬಸ್ಸುಗಳು, 2020ರ ಫೆಬ್ರವರಿಯಲ್ಲೇ ನಷ್ಟದಿಂದ ನಿಂತುಹೋಗಿದ್ದವು. ಲಾಕ್‌ಡೌನಿನ ನಂತರ ಉಳಿದ ಖಾಸಗಿ ಬಸ್ಸುಗಳಲ್ಲೂ ಕೆಲವು ಮತ್ತೆ ರಸ್ತೆಗೆ ಬರಲಿಲ್ಲ. ಮೂರು ಬಸ್ಸಿದ್ದ ದಾರಿಯಲ್ಲಿ ಒಂದಾಯಿತು. ಶಾಲೆಗೆ ಬಾಗಿಲು ತೆರೆದರೂ ದಾರಿ ತೆರೆದಿರಲಿಲ್ಲ. ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಕೈ ಚುರುಕಾದ ಹುಡುಗಿಯರು, ಪಿಕಪ್ ಗಾಡಿಯ ಹಿಂದೆ ನಿಲ್ಲಲು ಕಲಿತ ಹುಡುಗರು ಕೆಲವರು ಮರಳಲೇ ಇಲ್ಲ.

ದೊಡ್ಡ ಮಕ್ಕಳಿಗೆ ಆದದ್ದೂ ಅನ್ಯಾಯವೇ, ರೀತಿ ಬೇರೆ. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ. ಗಣಿತ, ವಿಜ್ಞಾನ, ಸಮಾಜ ಒಂದು ದಿನ. ಮೂರು ಭಾಷೆಗಳು ಇನ್ನೊಂದು ದಿನ. ಎಲ್ಲವೂ ಗುರುತು ಹಾಕುವ ಪ್ರಶ್ನೆ. ಕನ್ನಡದ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯುವ ಅಗತ್ಯವಿರಲಿಲ್ಲ. ಬರೆದವರನ್ನು ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಮೊದಲೇ ಸಾರಿದ್ದರು. ಫಲಿತಾಂಶ ನೂರಕ್ಕೆ 99.9. ರಾಜ್ಯಕ್ಕೆಲ್ಲ ಫೇಲಾದವರು ಒಬ್ಬರೇ, ಅವರೂ ತಮ್ಮ ಬದಲು ಬೇರೆಯವರಿಂದ ಬರೆಸಿದವರು. ಆ ವರ್ಷ ಉತ್ತೀರ್ಣಳಾದ ಹುಡುಗಿಯೊಬ್ಬಳು ಕಳೆದ ಬೇಸಗೆಯಲ್ಲಿ ತೀರ್ಥಹಳ್ಳಿಯ ಮದುವೆ ಮನೆಯೊಂದರಲ್ಲಿ ಸಿಕ್ಕಳು. ಆರುನೂರಕ್ಕೂ ಮೇಲೆ ಅಂಕ ತೆಗೆದವಳು. ಕೆಲಸಕ್ಕೆ ಹೋದಲ್ಲಿ ವರ್ಷ ನೋಡಿ, "ಓ, ಕೊರೋನಾ ಪಾಸಾ?" ಎಂದು ನಕ್ಕರಂತೆ. "ಸರ್, ನಾನು ಪಾಸಾದದ್ದಾ, ಪಾಸ್ ಮಾಡಿದ್ದಾ, ನೀವೇ ಹೇಳಿ" ಎಂದಳು. ಅವಳು ಎಂಟು, ಒಂಬತ್ತರಲ್ಲಿ ಬರೆದ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ನೀನು ಯಾವ ವರ್ಷ ಬರೆದರೂ ಪಾಸಾಗುತ್ತಿದ್ದೆ ಎಂದೆ. ಅವಳಿಗೆ ಅಷ್ಟರಿಂದ ಸಮಾಧಾನವಾದಂತೆ ಕಾಣಲಿಲ್ಲ. ಹೌದು, ಅದನ್ನು ತೋರಿಸಲು ನಾವು ಅವಳಿಗೆ ಅವಕಾಶವನ್ನೇ ಕೊಡಲಿಲ್ಲವಲ್ಲ.

ಕಳೆದುಹೋದದ್ದು ಗೊತ್ತಾಗಿರಲಿಲ್ಲವೆಂದೇನೂ ಇಲ್ಲ. 2021ರ ಜನವರಿಯಲ್ಲೇ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿ ನೋಡಿತ್ತು. ಎರಡರಿಂದ ಆರನೇ ತರಗತಿಯ ಮಕ್ಕಳಲ್ಲಿ ನೂರಕ್ಕೆ 92 ಮಂದಿ ಭಾಷೆಯಲ್ಲಿ, 82 ಮಂದಿ ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಗಮನಿಸಿ, ಕಲಿಯದೇ ಹೋದದ್ದು ಈ ಲೆಕ್ಕದಲ್ಲಿಲ್ಲ. ಕಲಿತದ್ದನ್ನು ಮರೆತದ್ದು ಮಾತ್ರ. ಅದನ್ನು ಓದಿದ ಮೇಲೂ ಚಿಕ್ಕ ಮಕ್ಕಳ ಶಾಲೆ ಇನ್ನೂ ಎಂಟು ತಿಂಗಳು ಮುಚ್ಚಿತ್ತು.

ಸಾಲ ತೀರಿಸುವ ಪ್ರಯತ್ನವಾಗಲಿಲ್ಲವೇ? ಆಯಿತು. 2022ರಲ್ಲಿ ಶಾಲೆಗಳನ್ನು ಎರಡು ವಾರ ಮೊದಲೇ, ಮೇ 16ಕ್ಕೆ ತೆರೆದರು. ಆ ವರ್ಷವನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಕರೆದು ಹಾಳೆಗಳನ್ನು ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಹತ್ತೊಂಬತ್ತು ತಿಂಗಳ ಸಾಲಕ್ಕೆ ಒಂದು ವರ್ಷದ ಹಾಳೆಗಳು ಎಲ್ಲಿಗೆ ಸಾಲುತ್ತವೆ? ಮುಂದಿನ ವರ್ಷ ಎಲ್ಲರೂ ಮಾಮೂಲಿ ಪಠ್ಯಕ್ಕೆ ಮರಳಿದರು, ಲೆಕ್ಕದ ಪುಸ್ತಕ ಮುಚ್ಚಿತು. 2025ರ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ನೂರಕ್ಕೆ 62.34. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದದ್ದು, ಕೃಪಾಂಕ ನಿಂತದ್ದು ಇದಕ್ಕೆ ಕಾರಣವೆಂದರು, ನಿಜವಿರಬಹುದು. ಆದರೆ ಆ ಮಕ್ಕಳು ಆರನೇ ತರಗತಿಯ ಬಹುಪಾಲನ್ನು ಮನೆಯಲ್ಲಿ ಕಳೆದವರೆಂದು ಚರ್ಚೆ ಮಾಡಿದವರಲ್ಲಿ ಎಷ್ಟು ಜನಕ್ಕೆ ನೆನಪಿತ್ತು? ನನ್ನ ಬಸ್ ತಂಗುದಾಣದ ಹುಡುಗ ಅದೇ ಪರೀಕ್ಷೆಗೆ ಕೂರುವುದು 2028ರಲ್ಲಿ. ಆಗ ಕೊರೋನಾದ ಹೆಸರೆತ್ತಿದರೆ ಜನ ನಗುತ್ತಾರೆ. ಹುಡುಗ ದಡ್ಡ, ಮೇಷ್ಟರು ಸರಿಯಿಲ್ಲ, ಮೊಬೈಲಿನಿಂದ ಹಾಳಾದ ಎನ್ನುತ್ತಾರೆ.

ಈ ಮಾತುಗಳನ್ನು ವೈದ್ಯನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಫೋನಿನಲ್ಲಿ ಆಡಿದೆ. ಅವನು ತಾಳ್ಮೆಯಿಂದ ಕೇಳಿ, "ಸರ್, ಈಗ ಹೇಳುವುದು ಸುಲಭ. ಆಗ ಒಂದು ಶಾಲೆಯಲ್ಲಿ ಒಂದು ಮಗುವಿಗೆ ಏನಾದರೂ ಆಗಿದ್ದರೆ ನೀವೇ ಮೊದಲು ಬರೆಯುತ್ತಿದ್ದಿರಿ" ಎಂದ. ಬರೆಯುತ್ತಿದ್ದೆ, ಸಂಶಯವಿಲ್ಲ. ಅದೇ ತೊಡಕು. ರೋಗದಿಂದ ಒಂದು ಮಗು ಹೋದರೆ ಅದು ಮರುದಿನದ ಸುದ್ದಿ, ಅದಕ್ಕೊಬ್ಬ ಅಧಿಕಾರಿ ಉತ್ತರ ಕೊಡಬೇಕು. ಒತ್ತಕ್ಷರ ಕಲಿಯದೆ ಸಾವಿರ ಮಕ್ಕಳು ಎಂಟನೇ ತರಗತಿಗೆ ಬಂದರೆ ಅದು ಯಾವ ದಿನದ ಸುದ್ದಿಯೂ ಅಲ್ಲ, ಯಾರೂ ಉತ್ತರ ಕೊಡಬೇಕಿಲ್ಲ. ಆದ್ದರಿಂದ ಎಲ್ಲ ಅಧಿಕಾರಿಗಳೂ, ಅವರೊಡನೆ ಕಿಟಕಿಯ ಹಿಂದಿನ ನಾನೂ, ಮುಚ್ಚುವುದೇ ಸುರಕ್ಷಿತ ಎಂದುಕೊಂಡೆವು. ಯಾರಿಗೆ ಸುರಕ್ಷಿತ ಎಂದು ಕೇಳಿಕೊಳ್ಳಲಿಲ್ಲ. ಮತ್ತೊಂದು ರೋಗ ಬಾರದೆಂದು ಅವನೂ ಹೇಳಲಿಲ್ಲ. ಬಂದಾಗ ಶಾಲೆಯನ್ನು ಮುಚ್ಚುವ ಅಧಿಕಾರ ಮಳೆ ರಜೆಯಂತೆ ತಾಲ್ಲೂಕಿನಲ್ಲಿ, ಊರಿನಲ್ಲಿ ಇರಲಿ, ಮುಚ್ಚಿದ ಪ್ರತಿ ದಿನಕ್ಕೂ ಯಾವಾಗ ತೀರಿಸುತ್ತೇವೆಂದು ಆದೇಶದಲ್ಲೇ ಬರೆದಿರಲಿ ಎಂದೆ. ಅದಕ್ಕೆ ಅವನು ಒಪ್ಪಿದ. ಚಿಕ್ಕ ಮಕ್ಕಳ ಶಾಲೆ ಕೊನೆಗೆ ಮುಚ್ಚಿ ಮೊದಲು ತೆರೆಯಬೇಕು ಎಂಬುದಕ್ಕೆ ಮಾತ್ರ, ಯೋಚಿಸಬೇಕು ಸರ್ ಎಂದ. ಯೋಚಿಸಲಿ.

ಮರುವಾರ ಆ ಹುಡುಗನ ಮನೆಗೆ ಹೋದೆ. ತಾಯಿ ನನ್ನನ್ನು ಕೂರಿಸಿ ಚಹಾ ಕೊಟ್ಟಳು. ಹಳೆಯದನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವನು ನಮ್ಮ ಜಗಲಿಗೆ ಬರುತ್ತಾನೆ. ಜೊತೆಗೆ ಇನ್ನಿಬ್ಬರನ್ನು ಕರೆತಂದಿದ್ದಾನೆ, ಅವರದೂ ಅದೇ ಅವಸ್ಥೆ. ಬಿ.ಎಡ್.ನಲ್ಲಿ ನನಗೆ ಕಾವ್ಯ ಪಾಠ ಮಾಡುವ ವಿಧಾನ ಕಲಿಸಿದ್ದರು, ಅಕ್ಷರ ಕಲಿಸುವ ವಿಧಾನ ಕಲಿಸಿರಲಿಲ್ಲ. ಆದ್ದರಿಂದ ಆ ಶಿಕ್ಷಕಿಯನ್ನು ಕೇಳಿ ನಲಿ-ಕಲಿಯ ಹಳೆಯ ಕಾರ್ಡುಗಳನ್ನು ತರಿಸಿಕೊಂಡಿದ್ದೇನೆ. ಹದಿಮೂರು ವರ್ಷದ ಹುಡುಗರಿಗೆ ಅದರ ಮೇಲಿನ ಗಿಳಿ, ಮೊಲದ ಚಿತ್ರ ನಾಚಿಕೆ. ಚಿತ್ರದ ಮೇಲೆ ಬೆರಳಿಟ್ಟು ಮುಚ್ಚಿಕೊಂಡು ಅಕ್ಷರ ಮಾತ್ರ ಓದುತ್ತಾರೆ. 'ಪ್ಪ' ಆಗಿದೆ, 'ಳ್ಳ' ಆಗಿದೆ. 'ತೀರ್ಥಹಳ್ಳಿ'ಯ ಅರ್ಕಾವೊತ್ತು ಮುಂದಿನ ಶನಿವಾರಕ್ಕೆ. ಮಳೆ ಬಂದರೂ ಬನ್ನಿ, ಜಗಲಿಗೆ ಮಾಡು ಇದೆ ಎಂದು ಹೇಳಿ ಕಳುಹಿಸಿದ್ದೇನೆ.